ಎಲೆಚೂರು

ಅಂಗಳಕ್ಕೆ ಇಂಟರ್‌ಲಾಕ್ ಹಾಸಿದ ಮೇಲೆ
ಕೂಳೂರಿನ ಈ ಮನೆಯಲ್ಲಿ ಮಣ್ಣು ಅಂತ ಉಳಿದದ್ದು
ಚಪ್ಪಲಿಯ ಅಡಿಯಲ್ಲಿ ಮಾತ್ರ.
ಗುಳ್ಳದ ಬೀಜವಂತೂ ಬಂದಾಗಿತ್ತು ಮಟ್ಟುವಿನಿಂದ,
ವಾರಿಜಕ್ಕನ ನಾದಿನಿಯ ಸೆರಗಿನ ತುದಿಯಲ್ಲಿ ಗಂಟಾಗಿ.

ಉಳ್ಳಾಲದಿಂದ ಒಂದು ಗೋಣಿ ತೆಂಗಿನ ನಾರಿನ ಹುಡಿ ತಂದೆ.
ಎತ್ತಿದರೆ ಬೆಕ್ಕಿನ ಮರಿಯಷ್ಟು ಭಾರ.
ಮೊಳೆಯಿತು, ಎರಡೆಲೆ ಬಿಟ್ಟಿತು,
ಅಂಚು ಸುಟ್ಟುಕೊಂಡು ಮಲಗಿತು.
"ನೆಕ್ಕಿ ನೋಡಿದೆಯಾ?" ಅಂದಳು ವಾರಿಜಕ್ಕ.
ನೆಕ್ಕಿದೆ. ಉಪ್ಪು.
ಅಳಿವೆಯ ನೀರಲ್ಲಿ ಕೊಳೆಹಾಕಿದ ಸಿಪ್ಪೆ
ಹೊಳೆಯನ್ನು ಮರೆತಿರಲಿಲ್ಲ.

ಮರದ ಮಿಲ್ಲಿನ ಹುಡಿಯಲ್ಲಿ ಸಸಿ ಹಳದಿಯಾಯಿತು,
ಹಸಿ ಹುಡಿಗೇ ಹಸಿವು,
ಸಸಿಯ ಅನ್ನವನ್ನೂ ತಾನೇ ಉಂಡಿತ್ತು.

ಆಗ ಅವಳು ತೋರಿಸಿದ್ದು ತನ್ನ ಬಚ್ಚಲಿನ ಹಿಂದಿನ ರಾಶಿ.
ಬೀಡಿಗೆ ಎಲೆ ಕತ್ತರಿಸಿ ಉಳಿದ ಚೂರು,
ಎಷ್ಟೋ ಮಳೆಗಾಲ ಕೊಳೆತು
ಚಹಾದ ಚರಟದ ಹಾಗೆ ಕಪ್ಪು.
"ಎಲೆ ಬೇರೆ, ಹೊಗೆಸೊಪ್ಪು ಬೇರೆ ಮಾರಾಯ್ತಿ,
ಇದಕ್ಕೆ ಹುಡಿ ಸೋಕಿದ್ದೇ ಇಲ್ಲ."

ಏಳು ನೀರು ಕಂಡ ನಾರಿನ ಹುಡಿ ಎರಡು ಸೇರು,
ಎಲೆಗೊಬ್ಬರ ಒಂದು ಸೇರು,
ಅಪ್ಪ ಹಲ್ಲುಜ್ಜುತ್ತಿದ್ದಂಥ ಉಮಿಕರಿ ಒಂದು ಹಿಡಿ.
ಹಿಂಡಿದರೆ ಉಂಡೆಯಾಗಬೇಕು, ಬೆರಳೂರಿದರೆ ಉದುರಬೇಕು.
ಮೊಸರಿನ ಖಾಲಿ ಕಪ್ಪುಗಳಲ್ಲಿ ಅವಳಿಗೆ ಅರ್ಧ, ನನಗೆ ಅರ್ಧ.

ನನ್ನವು ನಿಂತವು.
ಅವಳವು ಸುಕ್ಕಿದವು,
ಎಲೆಯ ಮೇಲೆ ತಿಳಿ ಹಸುರು, ಕಡು ಹಸುರು,
ಹಳೆ ಗೋಡೆಯ ಪಾಚಿಯಂತೆ.
ಅದೇ ಬೀಜ, ಅದೇ ಬಾವಿಯ ನೀರು.

ಕೃಷಿ ಕೇಂದ್ರದ ಹುಡುಗ ಎಲೆಯನ್ನು ಒಮ್ಮೆ ನೋಡಿ
ಅವಳ ಕೈಯನ್ನು ತುಂಬ ಹೊತ್ತು ನೋಡಿದ.
"ಬೀಡಿ ಕಟ್ಟುತ್ತೀರಾ, ಅಕ್ಕ?
ಹೊಗೆಸೊಪ್ಪಿನ ರೋಗ. ಬೆರಳಿನಿಂದ ಬರ್ತದೆ."

ವಾರಿಜಕ್ಕ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು,
ಬೇರೆಯವರ ಮಕ್ಕಳನ್ನು ಕೂರಿಸಿಕೊಂಡ ಹಾಗೆ.
ನಲವತ್ತೊಂದು ವರ್ಷ.
ಆ ಕೈಯಲ್ಲೇ ಗೋಡೆ ಎದ್ದದ್ದು, ಹಂಚು ಏರಿದ್ದು,
ಎರಡು ಹೆರಿಗೆಯ ಬಿಲ್ಲು ಕಟ್ಟಿದ್ದು.
"ಮುಟ್ಟಬಾರದಾ ಹಾಗಾದರೆ?"
ಸಾಬೂನು ಹಚ್ಚಿ ತೊಳೆಯಿರಿ, ಅಂದ,
ಆಮೇಲೆ ಹಾಲಿನಲ್ಲಿ ಅದ್ದಿ.
"ಹಾಲಿಗೆ ಎಷ್ಟು ರೇಟು ಗೊತ್ತುಂಟಾ ನಿನಗೆ?"

ಈಗ ಬ್ರಾಂಚಿಗೆ ರಜೆಯ ದಿನ ಬರುತ್ತಾಳೆ,
ಬೇರೆ ಸೀರೆ ಉಟ್ಟು,
ಒಂದು ಗ್ಲಾಸು ಹಾಲು ಹಿಡಿದು, ಅದೂ ಕುಡಿಯಲಿಕ್ಕಲ್ಲ.
ಬೆರಳುಗಳನ್ನು ಅದ್ದಿ ಗಾಳಿಯಲ್ಲಿ ಒಣಗಿಸಿ ಕೂರುತ್ತಾಳೆ,
ಸಸಿಗಳನ್ನು ಎಣಿಸುತ್ತಾಳೆ, ಇಪ್ಪತ್ತೈದಕ್ಕೊಂದು ಕಟ್ಟ
ಅಭ್ಯಾಸ, ಬಿಡುವುದು ಹೇಗೆ.

ಬಾಗಿದ್ದು, ಕುಳ್ಳಾದದ್ದು, ಒಂಟಿ ಎಲೆಯದ್ದು
ಬದಿಗೆ ತೆಗೆದಿಡುತ್ತಾಳೆ.
ಕಂಟ್ರಾಕ್ಟರು ಹಾಗೆ ತೆಗೆದಿಟ್ಟದ್ದನ್ನು ಮುರಿದು ಬಿಸಾಡುತ್ತಿದ್ದ.
ಇವಳು ಅವನ್ನು ಮನೆಗೆ ಒಯ್ಯುತ್ತಾಳೆ.