ಎಂಟರ ಗೋಟಿ

ವಾಸ್ಕೋದಾಗ, ಶಾಂಬಾ ಕುಡ್ಚಡಕಾರನ ಅಂಗಡ್ಯಾಗ
ಕೆಳಗಿನ ಖಾನೇದ ಮೂಲ್ಯಾಗ
ಆರು ವರ್ಷದ ಧೂಳು ಹೊದ್ದು ಬಿದ್ದಿತ್ತು ಅದು.
ಒಂದು ಬಾಯಿ ಅರ್ಧ ಇಂಚಿನ ಚೌಕ,
ಕಿರುಬೆರಳು ಸಲೀಸಾಗಿ ಹೋಗ್ತೈತಿ.
ಇನ್ನೊಂದು ಬಾಯಿ ಎಂಟು ಮಿಲಿಮೀಟರು,
ನಾಕು ಕಾಳು ಜ್ವಾಳ ಹಾಕಿದ್ರ ತುಂಬ್ತೈತಿ.

"ಯಾರ್ ತಗೋತಾರ ಇದನ್ನ?
ಆನೀ ಸೊಂಡಿಲಿಗೆ ಮೂಗುತಿ" ಅಂತ ಶಾಂಬಾ ನಕ್ಕ.
ಕಾಯ್ತಾನ್ ಮೇಸ್ತ್ರಿ ನಗಲಿಲ್ಲ.
ಅಂಗೀಗೆ ಒರೆಸಿ ಊದಿದ,
ಸಣ್ಣದೊಂದು ಸೀಟಿ ಬಂತು.
ಅರವತ್ತು ರೂಪಾಯಿ ಕೊಟ್ಟು ಕಿಸೇಕ ಹಾಕ್ಕೊಂಡ.

ನಾನು ಆಗ ಹೊಸಬ. ರೋಣದ ಕಡೆಯಾಂವ.
ರಾಸಯಿಯ ಯಾರ್ಡಿನಾಗ
ಬಾರ್ಜಿನ ಹೊಟ್ಟ್ಯಾಗ ಇಳಿಯೋದು, ಏರೋದು,
ಅದಿರಿನ ಕೆಂಪು ಸಂಜಿಗೆ ಕೆಮ್ಮೋದು.
ನನಗ ಗೊತ್ತಿದ್ದದ್ದು ಇಷ್ಟ:
ದೊಡ್ಡ ನಟ್ಟಿಗೆ ದೊಡ್ಡ ಪಾನಾ, ಸಣ್ಣದಕ್ಕ ಸಣ್ಣದು,
ಕನ್ಯಾ ನೋಡೂವಾಗ ಎತ್ತರ ಅಳೀತಾರಲ್ಲ, ಹಂಗ.

ಮುಂಜಾನೆ ಭರತಕ್ಕ 'ಜಾನಕಿ-ಎರಡು' ತೇಲಬೇಕಿತ್ತು.
ಇಂಜಿನ್ನಿನ ಬೆನ್ನಿಗೆ ನೀರಿನ ಪಂಪು,
ಪಂಪಿನ ಮುಚ್ಚಳಕ್ಕ ನಾಕು ಬೋಲ್ಟು,
ಮೂರು ಬಿಚ್ಚಿದ್ವಿ.
ನಾಕನೇದ್ದು ಒಂದೂವರೆ ಮೊಳ ಒಳಗ,
ಪೈಪಿನ ಹಿಂದ, ಕಣ್ಣಿಗೆ ಬೀಳೂದಿಲ್ಲ.
ಸಣ್ಣ ಹಿಡಿಕೀ ಮಧ್ಯಾಹ್ನನ ನನ್ನ ಕೈ ಜಾರಿ
ತಳದ ಕರೀ ನೀರು ಸೇರಿತ್ತು.
ಜೋಡಿಸೋ ತುಣುಕು ಹಿಂದಿನ ವಾರ ಸೀಳಿ
ಎರಡು ಹಲ್ಲಿನಂಗ ಆಗಿತ್ತು.
ರಾತ್ರಿ ಹನ್ನೊಂದಕ್ಕ ಯಾವ ಅಂಗಡಿ?

ಕಾಯ್ತಾನ್ ಕಿಸೆ ತಡವಿದ.

ಒಂದಕ್ಕೊಂದು ತಗಲಿಸಿ ಮೂರು ದಪ್ಪ ಸರಳು,
ತುದಿಗೆ ಆ ಗೋಟಿ.
ಸಣ್ಣ ಸರಳಾಗಿದ್ರ ತಿರುವಿದಂಗ ನುಲಿತಿತ್ತು,
ಇದು ನುಲಿಯಲಿಲ್ಲ.
ಹೊಟ್ಟೀಮ್ಯಾಲ ಮಲಗಿ ನಾನು ತೂರಿಸಿದೆ,
ಕತ್ತಲಾಗ ಆರು ಮೂಲಿ ಹುಡುಕಿ
ಗೋಟಿ ತಾನ ಕೂತ್ಕೊಂತು.
ಹಿಡಿಕೀ ತುದಿಗೆ ಎರಡೂ ಕೈ ಹಾಕಿ ಎಳೀಬೇಕು,
ಅಷ್ಟರಾಗ ಮಣಿಕಟ್ಟಿಗೆ ಒಂದು ಏಟು.

"ಹಿಡಿಕೀ ಮೊಳ ಉದ್ದ ಐತಂತ
ಮೊಳ ಉದ್ದದ ಬಲ ಹಾಕ್ತಿಯೇನು?
ಆ ಬೋಲ್ಟಿನ ಕುತ್ತಿಗಿ
ಹೆಸರುಕಾಯಿ ತೊಟ್ಟಿನಷ್ಟ.
ತಲೀ ಹತ್ರ ಹಿಡಿ. ಎರಡು ಬೆರಳಿಲೆ."

ಎರಡು ಬೆರಳಿಲೆ ಹಿಡಿದೆ.
ಕಬ್ಬಿಣದ ಉದ್ದಕ್ಕೂ ನಡಕೊಂತ ಬಂತು
ಆ ತುದೀದ ಸುದ್ದಿ:
ಒಲ್ಲೆ, ಒಲ್ಲೆ, ಒಲ್ಲೆ,
ಆಮ್ಯಾಲ ಒಂದು ಟಕ್.
ಜ್ವರ ಬಿಟ್ಟ ಕೂಸು ಉಸಿರು ಬಿಟ್ಟಂಗ.

ಇಲ್ಲಿಗೇ ನಿಲ್ಲಿಸಿದ್ರ ಚಂದ ಇರ್ತಿತ್ತು.
ಆದರ ಮುಂದಿನ ಮಳೆಗಾಲ,
ಕಾಯ್ತಾನ್ ಕುಡ್ತರಿಗೆ ಮಗಳ ಬಾಣಂತನಕ್ಕ ಹೋದಾಗ,
ನಾನೊಬ್ಬನ ಇದ್ದೆ.
ಪಗಾರ ಕಡಿದಿದ್ರು, ತಲೀ ಕಾದಿತ್ತು,
ಅದ ಪಂಪು, ಅದ ಗೋಟಿ,
ಹಿಡಿಕೀ ತುದಿಗೆ ಎರಡೂ ಕೈ.
ಸಪ್ಪಳನೂ ಬರಲಿಲ್ಲ.
ಬೆಣ್ಯಾಗ ತಿರುಗಿದಂಗ ತಿರುಗಿತು,
ಬೋಲ್ಟಿನ ತಲಿ ಗೋಟ್ಯಾಗ,
ಮುಂಡ ಪಂಪಿನಾಗ.
ಕೊರದು ಕೊರದು ತಗಿಯೂದಕ್ಕ ಎರಡು ದಿನ.
ಗೋಟಿಗೆ ಗೀರು ಸೈತ ಬಿದ್ದಿರಲಿಲ್ಲ,
ಅಷ್ಟು ದಪ್ಪ ಅದರ ಗ್ವಾಡಿ.
ಕಾಯ್ತಾನ್ ಬಂದು ನೋಡಿದ, ಬೈಯಲಿಲ್ಲ.
ತಲೀ ಅಷ್ಟು ಹೊರಗ ತಗದು
ನನ್ನ ಅಂಗೈಮ್ಯಾಲ ಇಟ್ಟು
ಚಹಾ ಕುಡಿಯಾಕ ಹೋದ.

ಈಗ ಪೆಟ್ಟಿಗಿ ನಂದು.
ಹತ್ತರಿಂದ ಮೂವತ್ತೆರಡರ ತನಕ
ಒಂದೊಂದಕ್ಕ ಒಂದೊಂದು ಕುಣಿ ಐತಿ.
ಎಂಟಕ್ಕ ಕುಣಿ ಮಾಡೂದು
ಪೆಟ್ಟಿಗಿ ಮಾಡಿದಾಂವಗ ಹೊಳೆದಿಲ್ಲ.
ಹಂಗ ಬಿಡಿಯಾಗಿ ಬಿದ್ದಿರ್ತೈತಿ ಅದು.
ನಿಚ್ಚಣಿಕೆ ಏರೂವಾಗ
ಒಂದೊಂದು ಮೆಟ್ಟಲಿಗೂ ಗಡಗಡ ಅಂತೈತಿ.
ಗಡಗಡ ಅನ್ನದಿದ್ರ
ಅರ್ಧಕ್ಕ ನಿಂತು
ತಿರುಗಿ ಕೆಳಗ ಇಳೀತೀನಿ.