ಸರಪಳಿಯ ಉಪ್ಪು

ಗಾಡಿಯನ್ನು ತಲೆಕೆಳಗು ನಿಲ್ಲಿಸಿ ಸಾಕು,
ಎಲ್ಲಿಂದ ಬಂದಿರೆಂದು ನಾನು ಕೇಳುವುದಿಲ್ಲ.
ಸರಪಳಿಗೆ ಬೆರಳೊತ್ತಿ ನಾಲಿಗೆಗೆ ಮುಟ್ಟಿಸುತ್ತೇನೆ.
ನಗಬೇಡಿ. ಎಣ್ಣೆಯ ಹಿಂದೆ
ಒಂದು ಚೂರು ಉಪ್ಪು ಹತ್ತಿದರೆ
ಅದು ಮರವಂತೆ ದಾಟಿ ಬಂದ ಗಾಡಿ.

ಕೊಟ್ಟಿಗೆಹಾರದಲ್ಲಿ ನನ್ನ ಅಂಗಡಿಯೆಂದರೆ
ನಾಲ್ಕು ತಗಡು, ಒಂದು ಪಂಪು, ನೀರಿನ ಬೋಗುಣಿ.
ಬೋಗುಣಿಯಲ್ಲಿ ಟ್ಯೂಬು ಮುಳುಗಿಸಿದರೆ ಗುಳ್ಳೆ ಏಳುತ್ತದೆ,
ನನಗೆ ಗೊತ್ತಿರುವ ಅಲೆ ಅಷ್ಟೆ.
ಎದುರಿಗೆ ನೀರುದೋಸೆ ಹೋಟೆಲು, ಆಮೇಲೆ ರಸ್ತೆ,
ಆಮೇಲೆ ಆ ರಸ್ತೆ ತಟ್ಟನೆ ಕೈಬಿಟ್ಟು
ಚಾರ್ಮಾಡಿಗೆ ಬೀಳುತ್ತದೆ.

ಡಿಸೆಂಬರಿಗೊಮ್ಮೆ ವಾರಿಜಾಕ್ಷಿ ಟೀಚರು ಬರುತ್ತಾರೆ.
ಹಾಸನದ ಹೈಸ್ಕೂಲಿನಲ್ಲಿ ಪೀಟಿ ಮೇಡಮ್ಮಾಗಿದ್ದವರು,
ಅರವತ್ತೆರಡು, ಕೊರಳಲ್ಲಿ ಈಗಲೂ ಸೀಟಿ.
ಕುರುಡು ತಿರುವಿನಲ್ಲಿ ಲಾರಿಗೆ ಊದುತ್ತಾರಂತೆ,
ಲಾರಿ ನಿಲ್ಲುತ್ತದಂತೆ.
ನಾನು ನಂಬುತ್ತೇನೆ.

ಅವರ ದಾರಿ ಒಂದು ನೋಟುಬುಕ್ಕಿನಲ್ಲಿದೆ.
ಗೋಂದು ಒಣಗುವ ತನಕ ಓದುತ್ತೇನೆ:
ಘಾಟಿ ಇಳಿದು, ಕಡಲ ಪಕ್ಕ ಬಡಗಕ್ಕೆ.
ಒತ್ತಿನೆಣೆ: ಹತ್ತು, ಇಳಿ, ಮತ್ತೆ ಹತ್ತು, ಯಾರು ಮಾಡಿದ್ದು ಇದನ್ನ?
ಹೊನ್ನಾವರದ ಸೇತುವೆ: ಎಡಗಡೆ ಗಾಳಿ, ಬಲಗಡೆ ಬಸ್ಸು.
ಕುಮಟೆಯಾಚೆ ಹೆಸರಿಲ್ಲದ ಏರು:
ಇಳಿದು ತಳ್ಳಿದೆ. ಯಾರೂ ನೋಡಲಿಲ್ಲ.
ಒಂದು ಹಸು ನೋಡಿತು.

"ಕಡಲ ರಸ್ತೆ ಅಂದ್ರೆ ಚಪ್ಪಟೆ ಅಂದ್ಕೊಂಡಿದ್ದೆ" ಎಂದೆ ಒಮ್ಮೆ.
"ಎಲ್ರೂ ಅಂದ್ಕೋತಾರೆ, ಸಿಪ್ರಿ.
ಗುಡ್ಡಗಳು ನೀರಿನ ತನಕ ಬಂದು ನಿಂತಿರ್ತವೆ,
ಈಜು ಬಾರದ ಹುಡುಗರ ಥರ."

ನಾನು ಸಮುದ್ರ ನೋಡಿಲ್ಲ. ಕೇಳಿದ್ದೇನೆ.
ಅಣ್ಣ ಬೋನಿಫಾಸನ ಮಣ್ಣಿಗೆ ಹೊರಟವನು
ತಲುಪುವಾಗ ಮಣ್ಣು ಮುಗಿದಿತ್ತು, ರಾತ್ರಿಯಾಗಿತ್ತು.
ಇಗರ್ಜಿಯ ಹಿಂದಿನ ಕತ್ತಲಲ್ಲಿ
ಯಾರೋ ಒಂದೇ ಸಮ ಜಲ್ಲಿ ಸುರಿಯುತ್ತಿದ್ದ ಹಾಗೆ,
ಸುರಿದು ಮತ್ತೆ ಬಾಚಿಕೊಳ್ಳುತ್ತಿದ್ದ ಹಾಗೆ.
ಬೆಳಕು ಹರಿಯುವ ಮೊದಲೇ ವಾಪಸು ಬಸ್ಸಿತ್ತು.

ಈ ಸಲ ಟೀಚರ ಸರಪಳಿಯಲ್ಲಿ
ಹೋದ ವರ್ಷದ ಉಪ್ಪು ಹಾಗೇ ಇತ್ತು, ತುಕ್ಕಾಗಿ.
ಒರೆಸದೆ ಇಡುವ ಹೆಂಗಸಲ್ಲ ಅವರು.
ಹಿಂದಿನ ಬ್ರೇಕಿನ ರಬ್ಬರು ಸವೆದು ಕಾಗದ,
ಮುಂದಿನದು ನಾನೇ ಹಾಕಿಕೊಟ್ಟಷ್ಟು ಹೊಸದು.
"ಹೀಗೆ ಒಂದೇ ಬ್ರೇಕಲ್ಲಿ ಇಳಿದ್ರೆ
ಅಣ್ಣಪ್ಪನ ಗುಡಿ ತನಕ ಹೋಗಲ್ಲ ಮೇಡಂ,
ಕಣಿವೆಗೇ ಹೋಗ್ತೀರಿ" ಎಂದು ಬೈದೆ.
ಅವರು ಬಲಗೈಯನ್ನು ಎಡಗೈಯಿಂದ ಎತ್ತಿ
ಮಡಿಲಲ್ಲಿ ಇಟ್ಟುಕೊಂಡರು, ಬೇರೆಯವರ ಮಗುವಿನ ಹಾಗೆ.
"ಕಾರ್ತಿಕದಿಂದ ಹಿಡಿತ ಇಲ್ಲ."

ಏನು ಹೇಳುವುದು? ಹೇಳಲಿಲ್ಲ.
ಕೇಬಲ್ಲು ಬಿಚ್ಚಿದೆ. ಮುಂದಿನ ಬ್ರೇಕನ್ನೂ ಎಡಕ್ಕೆ ತಂದು
ಒಂದೇ ಹಿಡಿಕೆಗೆ ಎರಡನ್ನೂ ಕಟ್ಟಿದೆ.
ಮೂರು ಸಲ ಕಟ್ಟಿದೆ, ಮೂರು ಸಲ ಬಿಚ್ಚಿದೆ.
ಹೋಟೆಲಿನವನು ದೀಪ ಹಾಕಿದ.
ನಾಲ್ಕನೆಯ ಸಲಕ್ಕೆ ಎರಡು ಚಕ್ರವೂ ಒಟ್ಟಿಗೆ ನಿಂತವು.

ಮರುದಿನ ಬೆಳಿಗ್ಗೆ, ನೋಡಿ ಬರುತ್ತೇನೆಂದು ನಾನೇ ಹತ್ತಿದೆ.
ಮೂವತ್ತು ವರ್ಷ ಬೇರೆಯವರನ್ನು ಇಳಿಸಿದ ದಾರಿ.
ಮೊದಲ ತಿರುವು ಹಿಡಿಯಿತು. ಎರಡನೆಯದರಲ್ಲಿ
ಒಂದು ಮಂಗ ನನ್ನನ್ನು ಗುರುತಿಸಲಿಲ್ಲ.
ಮೂರನೆಯದರಲ್ಲಿ ನಿಲ್ಲಿಸಿದೆ. ನಿಂತಿತು.
ಪಡುವಣಕ್ಕೆ, ಬೆಟ್ಟಗಳೆಲ್ಲ ಮುಗಿದ ಮೇಲೆ,
ತೊಳೆದ ಚಾಕುವಿನ ಬಾಯಿಯಂಥ ಒಂದು ಗೆರೆ.
ಅದು ಅದೇ ಇರಬಹುದು. ಮಂಜೂ ಇರಬಹುದು.
ಪಕ್ಕದಲ್ಲಿ ಮುಖ ತೊಳೆಯುತ್ತಿದ್ದ ಲಾರಿಯವನಿಗೆ
ಗೊತ್ತಿದ್ದೀತು.
ನಾನು ಕೇಳಲಿಲ್ಲ.

ತಳ್ಳಿಕೊಂಡು ಮೇಲೆ ಬರುವಾಗ ಉಸಿರಿಲ್ಲ.
ಟೀಚರು ನನ್ನ ಫ್ಲಾಸ್ಕಿನ ಕಾಫಿ ಮುಗಿಸಿದ್ದರು.
"ಕಂಡಿತಾ?"
"ಬ್ರೇಕು ಹಿಡಿಯುತ್ತೆ" ಎಂದೆ.

ಹೊರಟರು. ತಿರುವಿಗೊಂದು ಸೀಟಿ.
ಸ್ಪ್ಯಾನರು ಕೈಯಲ್ಲೇ ಹಿಡಿದು ಏಳರ ತನಕ ಎಣಿಸಿದೆ.
ಎಂಟನೆಯದು
ಯಾವುದೋ ಹಕ್ಕಿಯದೂ ಇರಬಹುದು.