ತೊಟ್ಟಿಗಿಳಿಯುವ ಮೊದಲು

ಬೂಟು ಬಿಚ್ಚು, ಇಲಿಯೆಸ್. ಕಾಲು ತೊಳೆ.
ಏಳನೆಯ ತೊಟ್ಟಿಗೆ ಬರಿಗಾಲಲ್ಲೇ ಹೋಗಬೇಕು,
ನನ್ನಪ್ಪನ ಕಾಲದಿಂದ ಹಾಗೆ. ಕಾರಣ ಕೇಳಬೇಡ.
ಎಲ್ಲಕ್ಕೂ ಕಾರಣ ಕೇಳಿದ್ದರೆ ಈ ಗುಡ್ಡದಲ್ಲಿ
ಯಾರೂ ಬಳ್ಳಿ ನೆಡುತ್ತಿರಲಿಲ್ಲ.

ಈ ಹತ್ತು ದಿನ ನೀನೇ ನೋಡಿದೆಯಲ್ಲ:
ಮಣ್ಣೆಂಬುದಿಲ್ಲ ಇಲ್ಲಿ, ಪದರು ಪದರು ಕಲ್ಲು,
ಹಳೇ ಲೆಕ್ಕದ ಪುಸ್ತಕದ ಹಾಗೆ; ಒದ್ದರೆ ಹಾಳೆ ಕಳಚುತ್ತದೆ.
ಬೇರು ಆ ಹಾಳೆಗಳ ನಡುವೆ ಇಳಿಯುತ್ತದೆ
ಗುಮಾಸ್ತನ ಬೆರಳಿನಂತೆ,
ನೀರಿನ ಬಾಕಿ ಎಲ್ಲಿ ಉಳಿದಿದೆಯೆಂದು ಹುಡುಕುತ್ತ.

ಈ ಕರಿನ್ಯಾನ್ ಬಳ್ಳಿಗಳಿಗೆ ತೊಂಬತ್ತು ವರ್ಷ.
ತಂತಿಯಿಲ್ಲ, ಊರುಗೋಲಿಲ್ಲ. ಒಂದೊಂದೂ
ಮುಷ್ಟಿ ಎತ್ತಿ ಜಗಳಕ್ಕೆ ನಿಂತ ಕುಳ್ಳ ಮುದುಕಿ.
ಗಿಡಕ್ಕೊಂದು ಬಾಟಲಿ ಕೊಟ್ಟರೆ ಅದೇ ಹೆಚ್ಚು.
ಕೆಳಗಿನ ಬಯಲಿನವರು ಇವನ್ನೆಲ್ಲ ಕಿತ್ತು ಮೆರ್ಲೋ ಹಾಕಿದರು,
ಕೀಳುವುದಕ್ಕೂ ಸರ್ಕಾರ ದುಡ್ಡು ಕೊಡುತ್ತಿತ್ತು ಆಗ.
ಅಪ್ಪ ಆ ಅರ್ಜಿಯಿಂದ ಒಲೆ ಹಚ್ಚಿದ.

ತುಳಿಯಲಿಲ್ಲ ನಾವು, ಜಜ್ಜಲಿಲ್ಲ.
ತೊಟ್ಟು ಸಮೇತ ಗೊಂಚಲುಗಳನ್ನು,
ನಿದ್ದೆಹೋದ ಮಗುವನ್ನು ಹಾಸಿಗೆಗೆ ಒಯ್ಯುವ ಹಾಗೆ,
ಒಳಗಿಳಿಸಿ ಮುಚ್ಚಳ ಬಿಗಿದೆವು.
ಕತ್ತಲಲ್ಲಿ ಪ್ರತಿ ಹಣ್ಣೂ ತನ್ನ ಸಿಪ್ಪೆಯೊಳಗೇ
ಯಾರಿಗೂ ಹೇಳದೆ ವೈನಾಗತೊಡಗಿತು.

ತಾನಾಗಿ ಹರಿದುಬಂದ ರಸ ನಿನ್ನೆಯೇ ಹೊರಟುಹೋಯಿತು.
ಉಳಿದದ್ದು ಈ ರಾಶಿ. ಗಾಣಕ್ಕೆ ಹಾಕುವುದು ಇದನ್ನೇ.
ಬೇರೆ ಕಡೆ ಹಿಂಡಿದ್ದಕ್ಕೆ ಮರ್ಯಾದೆ ಕಮ್ಮಿ,
ಇಲ್ಲಿ ಹಿಂಡಿದ್ದೇ ಮೇಲು. ಕಾಡಿನ ಥೈಮ್, ಕರಿ ಆಲಿವ್,
ಸ್ವಲ್ಪ ರಕ್ತ, ಅಂತ ಖರೀದಿಗೆ ಬಂದವರು ಬರೆದುಕೊಳ್ಳುತ್ತಾರೆ.
ನನಗೆ ಒಗರು, ಆಮೇಲೆ ಹುಳಿ, ಕೊನೆಗೆ ಕಲ್ಲು.
ಓಕ್ ಪೀಪಾಯಿ ಇಟ್ಟಿಲ್ಲ ಯಾಕೆ ಅಂತಾರೆ.
ಮೂಗಿಗಿಂತ ಮೂಗುತಿ ಭಾರ ಆಗಬಾರದಲ್ಲ.

ಇಗೋ, ಮೇಣದ ಬತ್ತಿ.
ನಗಬೇಡ. ಗೊತ್ತು, ನಿನ್ನ ಸೊಂಟದಲ್ಲಿ ಆ ಯಂತ್ರವಿದೆ,
ಗಾಳಿ ಕೆಟ್ಟರೆ ಕೀಚ್ ಕೀಚ್ ಅನ್ನುತ್ತದೆ, ಇನ್ನೂರು ಯೂರೋ.
ಅದೂ ಇರಲಿ. ಇದೂ ಇರಲಿ.
ಬತ್ತಿಯನ್ನು ಎದೆಯ ಮಟ್ಟದಲ್ಲಲ್ಲ, ಮೊಣಕಾಲ ಮಟ್ಟದಲ್ಲಿ ಹಿಡಿ.
ಆ ಉಸಿರು ಭಾರದ್ದು, ಕೆಳಗೆ ಮಲಗಿರುತ್ತದೆ,
ನೀನು ಬಗ್ಗುವುದನ್ನು ಕಾಯುತ್ತ.

ನಾನು ಒಂಬತ್ತರವಳು. ಬತ್ತಿ ಹಿಡಿಯುವ ಕೆಲಸ ನನ್ನದು,
ಇದೇ ಬಾಗಿಲು, ಇಷ್ಟೇ ಸಣ್ಣದು.
ತ್ರಮೊಂತಾನ್ ಅಂಗಳದ ಬಕೀಟುಗಳನ್ನು ಉರುಳಿಸುತ್ತಿತ್ತು.
ಎರಡು ಸಲ ಬತ್ತಿ ಆರಿತು, ಎರಡು ಸಲವೂ ಗಾಳಿಗೆ.
ಮೂರನೆಯ ಸಲ ಆರಿದಾಗ
ಫುಲ್ಕ್ರಾನ್ ಚಿಕ್ಕಪ್ಪ ಒಳಗಿಂದ ‘ಗಾಳಿ’ ಅಂದ.
ನಾನೂ ‘ಗಾಳಿ’ ಅಂದೆ.
ಅದೂ ಗಾಳಿಯೇ.
ಬೀಸದೆ ನಿಲ್ಲುವಂಥದ್ದು.

ಅವನು ಹೆಚ್ಚು ಮಾತಿನವನಲ್ಲ.
ಅವನ ಮೌನ ನಮಗೆ ಹೊಸದೂ ಅಲ್ಲ.
ಸಲಿಕೆಯ ಸದ್ದು ನಿಂತದ್ದು
ಮೊದಲು ತಿಳಿದದ್ದು ನಾಯಿಗೆ.

ಆ ವರ್ಷದ ಏಳನೆಯ ತೊಟ್ಟಿಯನ್ನು ಅಪ್ಪ ಚೆಲ್ಲಲಿಲ್ಲ.
ಮಾರಲೂ ಇಲ್ಲ. ಹೆಸರಿಲ್ಲದ ಬಾಟಲಿಗಳಿಗೆ ತುಂಬಿ
ಗೋಡೆಯ ಕಡೆಗೆ ಬಾಯಿ ಮಾಡಿ ಮಲಗಿಸಿದ.
ನನ್ನ ಮದುವೆಯ ದಿನ ಒಂದನ್ನು ತೆರೆದೆವು.
ಚೆನ್ನಾಗಿತ್ತು, ಇಲಿಯೆಸ್.
ಅದನ್ನು ಕ್ಷಮಿಸುವುದಕ್ಕೆ ನನಗೆ ಇಪ್ಪತ್ತು ವರ್ಷ ಹಿಡಿಯಿತು.

ಸರಿ, ಹೊರಡು. ಸಲಿಕೆ ಬಲಗೈಗೆ.
ರಾಶಿಯನ್ನು ಬಾಗಿಲಿನ ಕಡೆಯಿಂದ ಕೀಳು, ನಡುವೆ ನಿಲ್ಲಬೇಡ.
ಮತ್ತೆ, ಕೆಲಸದ ಉದ್ದಕ್ಕೂ ಮಾತಾಡುತ್ತಿರು.
ಏನಾದರೂ. ನಿನ್ನ ಬೈಕಿನ ರಿಪೇರಿ,
ಬೆಜಿಯೇ ಊರಿನ ರಗ್ಬಿ, ನಿನ್ನಮ್ಮ ಸೂಪಿಗೆ ಏನೇನು ಹಾಕುತ್ತಾಳೆ,
ನಾನು ಕೊಡುವ ಕೂಲಿ ಎಷ್ಟು ಕಮ್ಮಿ,
ಬಯ್ಯಿ ಬೇಕಾದರೆ.
ನಾನು ಇಲ್ಲೇ ಕೂತಿದ್ದೇನೆ, ಹಗ್ಗ ನನ್ನ ಮುಂಗೈಯಲ್ಲಿ.

ಏನಂದೆ?
ಜೋರಾಗಿ ಹೇಳು.